ತಪ್ಪಿಗೆ ಪೈಪೋಟಿ

ಸಿಗ್ನಲ್ ಹತ್ತಿರ ಮೇಷ್ಟ್ರ ಕಾರು ಮುಂದಿದ್ದ ಕಾರಿಗೆ ಹಿಂದಿನಿಂದ ಹೋಗಿ ಗುದ್ದಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಅವಳ ಸೀಟಿನ ಬೆಲ್ಟಿನ ಕೊಂಡಿಯನ್ನು ಮೇಷ್ಟ್ರು ಹೋದ ವರ್ಷವೇ ಬಿಚ್ಚಿ ತಮ್ಮ ಸೀಟಿಗೆ ಹಾಕಿಕೊಂಡಿದ್ದರು. ಹೊಸದು ಸಿಗುವ ಹಾಗಿರಲಿಲ್ಲ. ಕಾರಿನ ಕಂಪನಿ ಬಾಗಿಲು ಹಾಕಿಕೊಂಡು ಹೋಗಿ, ಅದರ ಸರ್ವೀಸ್ ಸೆಂಟರಿನಲ್ಲಿ ಈಗ ಹಾಸಿಗೆ ದಿಂಬು ಮಾರುತ್ತಿದ್ದರು. ವೈಪರ್ ನಿಂತಾಗ ಮೇಷ್ಟ್ರು ಹೆಂಡತಿಯ ಹೊಲಿಗೆ ಯಂತ್ರದ ಮೋಟರಿಗೇ ಕೈ ಹಾಕಿದ್ದರು.

ಇಳಿದು ನೋಡಿದರೆ ಬಾನೆಟ್ಟು ಮುದುಡಿಕೊಂಡು ರೇಡಿಯೇಟರಿನಿಂದ ನೀರು ಸುರಿಯುತ್ತಿತ್ತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡರು. ಆದರೆ ಮುಂದಿನ ಕಾರಿನ ಮೇಲೆ ಕಣ್ಣು ಬಿದ್ದದ್ದೇ ತಡ, ಮುಖ ಅರಳಿತು. ಅದೂ ಅದೇ ಕಂಪನಿಯದು, ಅದೇ ಮಾಡೆಲ್ಲು! ಹಿಂಭಾಗ ಅಪ್ಪಚ್ಚಿಯಾಗಿದ್ದರೂ ಮುಂಭಾಗ ಮದುಮಗನ ಹಾಗೆ ಮಿರುಗುತ್ತಿತ್ತು. ಅದರಿಂದ ಇಳಿದ ಕನ್ನಡಕದಂಗಡಿಯ ಯಜಮಾನರು ಬೈಯಲೆಂದು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು, ಮೇಷ್ಟ್ರ ಕಾರಿನ ಹಿಂದಕ್ಕೆ ಹೋಗಿ, ಪೆಟ್ಟೇ ಬೀಳದ ಡಿಕ್ಕಿಯ ಬಾಗಿಲನ್ನು ಮೆಲ್ಲನೆ ಸವರಿದರು. ಎರಡು ಕಾರು ಸೇರಿದರೆ ಒಂದು ಕಾರು ಬದುಕುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಆ ಒಂದು ಯಾರ ಮನೆ ಸೇರಬೇಕು ಎಂಬುದಷ್ಟೇ ಬಾಕಿ.

"ರೀ, ಹಣೆ…" ಎಂದಳು ಹೆಂಡತಿ, ಕರವಸ್ತ್ರ ಒತ್ತಿಕೊಂಡು ಇಳಿಯುತ್ತ.

"ಒಂದ್ನಿಮಿಷ ಇರೇ, ಇವರ ಗೇರ್‌ಬಾಕ್ಸ್ ಹೇಗಿದೆ ಅಂತ ಕೇಳ್ತಿದೀನಿ."

ಅವಳು ಹೋಗಿ ಫುಟ್‌ಪಾತಿನ ಅಂಚಿನಲ್ಲಿ ಕೂತಳು. ಅಷ್ಟರಲ್ಲಿ ಸೀಟಿ ಊದುತ್ತ ಟ್ರಾಫಿಕ್ ಪೇದೆ ಬಂದ. ಎರಡೂ ಕಾರು ನೋಡಿ ಲೊಚಗುಟ್ಟಿದ. "ಇದಾ? ಇದಕ್ಕೆ ಒಂದು ನಟ್ಟೂ ಸಿಗಲ್ವಲ್ರೀ. ಇನ್ಶೂರೆನ್ಸ್‌ನವರೂ ಕೈ ಎತ್ತಿರ್ತಾರೆ. ರಿಪೇರಿ ಮಾತು ಬಿಟ್ಬಿಡಿ. ತಪ್ಪು ಯಾರದೋ ಅವರು ಎದುರಿನವರ ಗಾಡಿಗೆ ಕಾಸು ಕೊಟ್ಟು, ಆ ಗುಜರೀನ ತಾವೇ ಎಳ್ಕೊಂಡು ಹೋಗ್ಲಿ. ಹೇಳಿ, ಯಾರದು ತಪ್ಪು?"

"ನಂದು!" ಎಂದರು ಇಬ್ಬರೂ.

ಪೇದೆಯ ಬಾಯಿಂದ ಸೀಟಿ ಜಾರಿತು.

"ಹಿಂದಿನಿಂದ ಗುದ್ದಿದ್ದು ನಾನು ಸಾರ್. ಬ್ರೇಕ್ ಒತ್ತೋದನ್ನೇ ಮರೆತೆ. ಮೇಷ್ಟ್ರು ನಾನು, ಸುಳ್ಳು ಹೇಳಲ್ಲ."

"ಮೇಷ್ಟ್ರದು ದೊಡ್ಡ ಮನಸ್ಸು, ನನ್ನನ್ನ ಉಳಿಸೋಕೆ ನೋಡ್ತಿದಾರೆ," ಎಂದರು ಯಜಮಾನರು. "ಹಸಿರು ದೀಪ ಇದ್ರೂ ಗಕ್ಕಂತ ನಿಲ್ಲಿಸಿದ್ದು ನಾನು. ಇರುವೆ ಅಡ್ಡ ಬಂತು."

"ಇರುವೆ ಕಾಣಿಸ್ತಾ ನಿಮ್ಗೆ?"

"ಕನ್ನಡಕದಂಗಡಿ ನಂದೇ ಅಲ್ವಾ ಸಾರ್."

"ನಾನು ಫೋನಲ್ಲಿ ಮಾತಾಡ್ತಿದ್ದೆ!" ಮೇಷ್ಟ್ರು ಕೂಗಿದರು.

"ನಾನು ನಿದ್ದೇನೇ ಮಾಡ್ತಿದ್ದೆ!"

ಹೊಡೆದಾಟ ನೋಡಲು ಸೇರಿದ ಜನ ಪೆಚ್ಚಾಗಿ ನಿಂತಿದ್ದರು. ಅಷ್ಟು ವರ್ಷದ ನೌಕರಿಯಲ್ಲಿ ಪೇದೆಯ ಮುಂದೆ ತಪ್ಪು ಒಪ್ಪಿಕೊಂಡವರೇ ಇರಲಿಲ್ಲ. ಈಗ ಒಂದೇ ತಪ್ಪಿಗೆ ಇಬ್ಬರು ಹಕ್ಕುದಾರರು. ಅವನು ತಲೆ ಕೆರೆದುಕೊಂಡು ಫುಟ್‌ಪಾತಿನ ಕಡೆ ತಿರುಗಿದ. "ಅಮ್ಮಾ, ಗಟ್ಟಿಯಾಗಿ ಒತ್ಕೊಳ್ಳಿ, ತುಂಬಾ ಸುರೀತಿದೆ. ಎದುರಿಗೇ ಕ್ಲಿನಿಕ್ ಇದೆ, ನಾನೇ ರಸ್ತೆ ದಾಟಿಸ್ತೀನಿ. ಗಾಡಿಯೊಳಗೆ ನೀವೂ ಇದ್ರಲ್ಲ, ತಪ್ಪು ಯಾರದು ಅಂತ ಒಂದು ಮಾತು ಹೇಳ್ಬಿಡಿ. ನೀವು ಹೇಳಿದ್ದೇ ಕೊನೆ."

ಅವಳು ಗಂಡನ ಕಡೆ ನೋಡಿದಳು. ಮೇಷ್ಟ್ರು ಯಜಮಾನರ ಕಾರಿನ ಹೆಡ್‌ಲೈಟಿನ ಧೂಳನ್ನು ತಮ್ಮ ಇಸ್ತ್ರಿ ಮಾಡಿದ ಕರವಸ್ತ್ರದಿಂದ ಒರೆಸುತ್ತ, ಹುಬ್ಬು ಹಾರಿಸಿ, ತಮ್ಮ ಎದೆಯನ್ನೇ ಬೆರಳಿನಿಂದ ತೋರಿಸಿಕೊಳ್ಳುತ್ತಿದ್ದರು.

"ತಪ್ಪು ಪೂರ್ತಿ ಆ ಯಜಮಾನ್ರದ್ದೇ," ಎಂದಳು. "ನಮ್ಮ ಗಾಡಿ ಅವರೇ ತಗೊಂಡು ಹೋಗ್ಲಿ."

"ದೇವರಂಥೋರು ತಾಯಿ ನೀವು!" ಯಜಮಾನರು ಕೈಮುಗಿದು, ಅವಳ ಮನಸ್ಸು ಬದಲಾಗುವ ಮೊದಲೇ ಮೇಷ್ಟ್ರ ಕಾರಿನಿಂದ ಕೀಲಿ ಎಳೆದುಕೊಂಡು ಜೇಬಿಗೆ ಹಾಕಿದರು.

ಮೇಷ್ಟ್ರು ಓಡಿ ಬಂದರು. "ಏನೇ ಮಾಡ್ಬಿಟ್ಟೆ! ನಾನು ಅಲ್ಲಿಂದ ಅಷ್ಟು ಸನ್ನೆ ಮಾಡ್ತಿದ್ನಲ್ಲೇ, ಕಾಣಿಸ್ಲಿಲ್ವಾ ನಿನಗೆ?"

"ಇಲ್ಲ ರೀ," ಎಂದು ಅವಳು ಪೇದೆಯ ಹಿಂದೆ ರಸ್ತೆಗೆ ಇಳಿದಳು. "ಕಣ್ಣಿಗೆ ರಕ್ತ ಇಳೀತಿತ್ತು."