ಅಮ್ಮನ ಮದುವೆ ಕಾರ್ಡು

ಡ್ರೈವರು ಮೊದಲ ಅಚ್ಚು ಒತ್ತಿದ ರಭಸಕ್ಕೆ ಮೇಜಿನ ಮೇಲಿದ್ದ ಕತ್ತರಿ ಹಾರಿ ನೆಲಕ್ಕೆ ಬಿತ್ತು. ರಬ್ಬರ್ ಅಚ್ಚನ್ನು ಎತ್ತಿದರೆ ಕಾರ್ಡಿನ ಮೇಲೆ ಕೊಂಬೆಯಲ್ಲಿ ಕೂತ ಜೋಡಿ ಗುಬ್ಬಚ್ಚಿ ಮೂಡಬೇಕಿತ್ತು. ಮೂಡಿದ್ದು ಎರಡು ಕಪ್ಪು ಉಂಡೆ, ಸುತ್ತಲೂ ಅಚ್ಚಿನ ಅಂಚಿಗೆ ಹತ್ತಿದ್ದ ಮಸಿ. ಎದುರಿಗೆ ನಿಂತಿದ್ದ ಹುಡುಗಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಗುಬ್ಬಿ ಒತ್ತೋಕೆ ಹೋಗಿ ಗೂಬೆ ಬಂದಿದೆ,” ಅಂದಳು.

ನಗಬೇಕೋ ಬೇಡವೋ ಡ್ರೈವರಿಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಅವರು ಮದುವೆಯಾಗಲಿದ್ದದ್ದು ಈ ಹುಡುಗಿಯ ಅಮ್ಮನನ್ನು. ಆಕೆ ಆಸ್ಪತ್ರೆಯಲ್ಲಿ ನರ್ಸು. ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ದಿನಾ ಕೆಲಸಕ್ಕೆ ಹೋಗುತ್ತಿದ್ದುದು ಇವರ ಬಸ್ಸಿನಲ್ಲೇ. ಹೆಂಡತಿ ಇಲ್ಲದ ಡ್ರೈವರು, ಆಕೆ ಓಡೋಡಿ ಬರುವುದು ಕಂಡರೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಾತು ಅಲ್ಲಿಂದಲೇ ಬೆಳೆದಿತ್ತು. ಈ ವಯಸ್ಸಿನಲ್ಲಿ ಕಾರ್ಡು ಗೀರ್ಡು ಯಾಕೆ, ನಾಲ್ಕು ಜನಕ್ಕೆ ಫೋನು ಮಾಡಿದರೆ ಸಾಲದೇ ಎಂದು ಅಮ್ಮ ನಾಚಿಕೊಂಡಾಗ, ಕದ್ದು ಮದುವೆಯಾಗುತ್ತಿದ್ದೀಯಾ ಎಂದು ಗದರಿಸಿದವಳು ಮಗಳೇ. ಅಂಗಡಿಯ ಕಾರ್ಡಿನಲ್ಲಿ ಜೀವ ಇರುವುದಿಲ್ಲ, ಒಂದೊಂದನ್ನೂ ಕೈಯಲ್ಲೇ ಅಚ್ಚು ಹಾಕುತ್ತೇನೆಂದು ಹಟ ಹಿಡಿದವಳೂ ಅವಳೇ. ಇವತ್ತು ಅಮ್ಮ ಡ್ಯೂಟಿಯ ನೆಪ ಹೇಳಿ, ಇಬ್ಬರೂ ಸೇರಿ ಮುಗಿಸಿಡಿ ಎಂದು ಬಾಗಿಲೆಳೆದುಕೊಂಡು ಹೋಗಿದ್ದಳು. ಇಬ್ಬರನ್ನೇ ಬಿಟ್ಟು ಹೋಗುವುದೇ ಆಕೆಯ ಉಪಾಯವೆಂದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಇಬ್ಬರೂ ಬರೀ ಅಚ್ಚಿನ ಮಾತನ್ನೇ ಆಡುತ್ತಿದ್ದರು.

ಹುಡುಗಿ ಪಾಠ ಶುರು ಮಾಡಿದಳು. ಅಚ್ಚನ್ನು ಇಂಕ್ ಪ್ಯಾಡಿಗೆ ಅದುಮಿದರೆ ಗೆರೆಗಳ ಸಂದಿಯಲ್ಲೆಲ್ಲ ಮಸಿ ತುಂಬಿಕೊಳ್ಳುತ್ತದೆ. ಅಚ್ಚನ್ನೇ ಮೇಲ್ಮುಖ ಮಾಡಿ ಹಿಡಿದು, ಅದರ ಮೇಲೆ ಪ್ಯಾಡನ್ನು ಹಗುರವಾಗಿ ತಟ್ಟಬೇಕು. ಹೊಸ ರಬ್ಬರಿನ ನುಣುಪಿಗೆ ಮಸಿ ನಿಲ್ಲುವುದಿಲ್ಲವೆಂದು ಅವಳು ಬೆಳಿಗ್ಗೆಯೇ ಅದನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿಟ್ಟಿದ್ದಳು. ಈಗ ಕಾರ್ಡಿನ ಕೆಳಗೆ ತೆಳ್ಳನೆಯ ಸ್ಪಂಜಿನ ಹಾಳೆಯನ್ನೂ ಹಾಸಿದಳು. ಡ್ರೈವರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು, ಹೆದರಿ ಹೆದರಿ ಅಚ್ಚು ಮುಟ್ಟಿಸಿದರು. ಗುಬ್ಬಿಗಳಿಗೆ ಹೊಟ್ಟೆಯೇ ಬರಲಿಲ್ಲ. ಮತ್ತೊಂದು ಕಾರ್ಡು ತೆಗೆದುಕೊಂಡು, ಯಾವ ಮೂಲೆಯೂ ಬಿಟ್ಟುಹೋಗದಿರಲೆಂದು ಅಚ್ಚನ್ನು ಅತ್ತಿತ್ತ ಹೊರಳಿಸಿ ಒತ್ತಿದರು. ಒಂದೊಂದು ಗುಬ್ಬಿಯ ಪಕ್ಕದಲ್ಲೂ ಅದರ ನೆರಳಿನಂಥ ಇನ್ನೊಂದು ಗುಬ್ಬಿ ಎದ್ದಿತು.

ಮದುವೆಗೆ ಮುಂಚೆಯೇ ಮಕ್ಕಳಾದವು ಎಂಬ ಮಾತು ಹುಡುಗಿಯ ಬಾಯಿಂದ ಜಾರಿಬಿಟ್ಟಿತು. ಅವಳು ನಾಲಿಗೆ ಕಚ್ಚಿಕೊಂಡಳು. ಡ್ರೈವರು ಮುಖ ಕೆಂಪಗಾಗಿ ಮೊದಲು ಕೆಮ್ಮಿದರು. ಆಮೇಲೆ ತಡೆಯಲಾಗದೆ ಮೇಜು ಅಲ್ಲಾಡುವಂತೆ ನಕ್ಕರು. ಅವಳೂ ನಕ್ಕಳು. ನಗು ನಿಂತ ಮೇಲೆ ಮೇಜನ್ನು ಸುತ್ತಿಕೊಂಡು ಅವರ ಪಕ್ಕಕ್ಕೆ ಬಂದು, ಅಚ್ಚು ಹಿಡಿದ ಆ ದಪ್ಪ ಕೈಯ ಮೇಲೆ ತನ್ನ ಕೈ ಇಟ್ಟಳು.

“ಸ್ಟೀರಿಂಗ್ ಥರ ತಿರುಗಿಸಬೇಡಿ. ಎದ್ದು ನಿಂತ್ಕೊಳ್ಳಿ. ನೇರ ಕೆಳಗಿಳಿಸಿ, ಕೈಗೆ ಬಲ ಹಾಕದೆ ಮೈಭಾರ ಬಿಡಿ. ಎತ್ತೋವಾಗ್ಲೂ ನೇರ.”

“ಅಂದ್ರೆ, ಬಸ್ಸಲ್ಲಿ ವಯಸ್ಸಾದೋರು ನಿಂತಿರೋವಾಗ ಬ್ರೇಕ್ ಹಾಕ್ತೀವಲ್ಲ, ಹಾಗೆ,” ಅಂದರು ಡ್ರೈವರು.

ಬಸ್ಸಿನ ವಿಷಯ ತನಗೆ ತಿಳಿಯದು, ಇರಬಹುದು ಎಂದು ಅವಳು ಕೈ ತೆಗೆದಳು. ಅವರು ಉಸಿರು ಬಿಗಿಹಿಡಿದು ಅಚ್ಚನ್ನು ಇಳಿಸಿದರು, ಒಂದು ಕ್ಷಣ ತಡೆದರು, ಎತ್ತಿದರು. ಕೊಂಬೆಯ ಮೇಲೆ ಎರಡು ಗುಬ್ಬಿಗಳು ಕೊಕ್ಕಿನಿಂದ ಕಾಲುಗುರಿನ ತನಕ ಒಂದೇ ಹದವಾಗಿ ಮೂಡಿದ್ದವು. ಕಣ್ಣಿನ ಚುಕ್ಕೆ ಕೂಡ ಮಾಸಿರಲಿಲ್ಲ.

ಹುಡುಗಿ ಬೆಳಿಗ್ಗೆಯೇ ಅಚ್ಚು ಹಾಕಿ ಒಣಗಲು ಹರಡಿದ್ದ ಕಾರ್ಡುಗಳ ಜೊತೆ ಡ್ರೈವರು ಇದನ್ನು ಇಡಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿ, ಇದನ್ನು ತನ್ನ ಮಗನಿಗೆ ಕಳಿಸಬಹುದೇ ಎಂದು ಮೆಲ್ಲಗೆ ಕೇಳಿದರು. ಬೇರೆ ಊರಿನಲ್ಲಿದ್ದ ಆ ಮಗ ವಯಸ್ಸಿನಲ್ಲಿ ಅವಳಿಗಿಂತ ತುಸು ದೊಡ್ಡವನು. ಮದುವೆಯ ಸುದ್ದಿ ಕೇಳಿದಂದಿನಿಂದ ಅಪ್ಪನ ಫೋನು ಎತ್ತುವುದನ್ನೇ ಬಿಟ್ಟಿದ್ದ. ತಾನಂತೂ ಬರುವುದಿಲ್ಲವೆಂದು ಯಾರದೋ ಕೈಲಿ ಹೇಳಿಕಳಿಸಿದ್ದ. ಬಾರದಿದ್ದರೂ ಪರವಾಗಿಲ್ಲ, ಕರೆಯಲಿಲ್ಲ ಅನ್ನುವ ಮಾತು ಉಳಿಯಬಾರದು ಅಷ್ಟೇ ಎಂದರು ಡ್ರೈವರು.

ಹುಡುಗಿ ಕಾರ್ಡು ತೆಗೆದುಕೊಂಡು, ಪೆನ್ನು ಹಿಡಿದು ಕೂತಳು. ಉಳಿದ ಕಾರ್ಡುಗಳಲ್ಲಿ ‘ನಮ್ಮ ಅಮ್ಮನ ಮದುವೆಗೆ ಬನ್ನಿ’ ಎಂದು ಬರೆದು, ಕೆಳಗೆ ‘ಮಗಳು’ ಎಂದು ಸಹಿ ಹಾಕಿದ್ದಳು. ಇದರಲ್ಲಿ ದಿನ, ಹೊತ್ತು, ಮನೆಯ ವಿಳಾಸ ಎಲ್ಲ ಬರೆದ ಮೇಲೆ ಒಂದು ಗಳಿಗೆ ಯೋಚಿಸಿ, ಕೊನೆಯ ಸಾಲು ತುಂಬಿಸಿ ಅವರ ಮುಂದೆ ಸರಿಸಿದಳು. ‘ಕರೆಯುವವರು: ಅಣ್ಣ ಮತ್ತು ತಂಗಿ.’

ಡ್ರೈವರು ಎರಡೆರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಅವನ್ನ ಒಂದು ಮಾತು ಕೇಳ್ದೆ ಹೀಗೆ ಬರೆದ್ರೆ ಕೆಂಡಾಮಂಡಲ ಆಗ್ತಾನಮ್ಮ. ನೇರ ಇಲ್ಲಿಗೇ ಜಗಳಕ್ಕೆ ಬರ್ತಾನೆ.”

“ಬರ್ಲಿ,” ಅಂದಳು ಹುಡುಗಿ, ಕಾರ್ಡಿನ ಹಸಿ ಅಕ್ಷರಗಳ ಮೇಲೆ ಮೆಲ್ಲಗೆ ಊದುತ್ತ. “ಅಣ್ಣನ ಜೊತೆ ಜಗಳ ಆಡಿ ನಂಗೆ ಅಭ್ಯಾಸ ಇಲ್ಲ. ಕಲಿತ್ಕೋತೀನಿ.”