ಅವ್ವನಿಗೆ ಗುರುತಿದ್ದ ಸದ್ದು

ಮುಪ್ಪಿನಲ್ಲಿ ಅವ್ವ ಒಂದೊಂದಾಗಿ ಎಲ್ಲವನ್ನೂ ಮರೆಯುತ್ತಾ ಬಂದಿದ್ದಳು. ಆದರೂ ಫಕೀರಪ್ಪನ ಹಳೆಯ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಸಾಕು, "ಮಗಾ ಬಂದ" ಎಂದು ಹೊಸ್ತಿಲಿಗೆ ಬರುತ್ತಿದ್ದಳು. ಸೈಲೆನ್ಸರ್ ತುಕ್ಕು ತಿಂದು ಉದುರಿ, ಹೊಸದು ಹಾಕಿಸಿದ ಮೇಲೆ ಅವಳು ಕುಳಿತಲ್ಲಿಂದ ಏಳಲಿಲ್ಲ. ಮಗ ಎದುರಿಗೆ ಬಂದರೂ ಸುಮ್ಮನೆ ನೋಡುತ್ತಿದ್ದಳು.

"ನನಗ ಮೊದಲಿನ ದನಿನ ಬೇಕು, ದಾವಲಣ್ಣಾ," ಎಂದು ಫಕೀರಪ್ಪ ಗ್ಯಾರೇಜಿಗೆ ಹೋಗಿ ಕೇಳಿದ.

"ತಲಿ ಬೆಳ್ಳಗಾದ ಮ್ಯಾಲೆ ಹುಡುಗೂರಗತೆ ಸದ್ದಿನ ಹುಚ್ಚು ಹಿಡೀತೇನೋ?" ಎಂದು ಮೆಕ್ಯಾನಿಕ್ ದಾವಲಸಾಬ ನಕ್ಕ. ಅವ್ವನ ಸುದ್ದಿ ಕೇಳಿದ ಮೇಲೆ ನಗಲಿಲ್ಲ.

ಗಿಡ್ಡನೆಯ ಸೈಲೆನ್ಸರ್ ಕೂಡಿಸಿದರೆ ಗಾಡಿ ನಾಯಿಯಂತೆ ಬೊಗಳಿತು. ದಪ್ಪನೆಯದು ಗೊರಕೆ ಹೊಡೆಯಿತು. ಕಡೆಗೆ ದಾವಲಸಾಬ ಉದ್ದನೆಯದೊಂದರ ಒಳಗಿನ ಜಾಲರಿ ತೆಗೆದು, ಬೋಲ್ಟು ಬಿಗಿದು ಕಿಕ್ ಹೊಡೆದ. ಫಕೀರಪ್ಪನ ಕಣ್ಣು ತುಂಬಿ ಬಂದವು.

"ಇದ ನೋಡಣ್ಣಾ, ಇದ!"

ಓಣಿಯ ತಿರುವಿಗೆ ಬರುವಷ್ಟರಲ್ಲೇ ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಮುಖ ಅರಳಿತ್ತು. ಅವನು ಗಾಡಿ ನಿಲ್ಲಿಸಿ, ಓಡಿಬಂದು ಅವಳ ಕೈ ಹಿಡಿದುಕೊಂಡ.

ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗಾಡಿ ನಮ್ಮ ಫಕೀರಪ್ಪಂದು. ಅವನ್ನ ಎಲ್ಲಿ ಬಿಟ್ಟು ಬಂದ್ಯೋ, ಯಪ್ಪಾ?"