ಸಿಕ್ತು ಸರ್!

"ಯಾರು ಮೊದಲು ಬರ್ತೀರಿ?" ಎಂದು ದೊಡ್ಡ ಡಾಕ್ಟರು ಕೇಳಿ ಮುಗಿಸುವುದರೊಳಗೆ ಮೈಕು ಮಂಚದ ಪಕ್ಕಕ್ಕೆ ಬಂದು ನಿಂತಾಗಿತ್ತು. ಅವಳಿಗೆ ಆ ಹೆಸರಿಟ್ಟವರು ಕ್ಲಾಸಿನ ಹುಡುಗರು. ಅವಳು ಇಲ್ಲಿ ಉತ್ತರ ಹೇಳಿದರೆ ಪಕ್ಕದ ಕ್ಲಾಸಿನವರೂ ಬರೆದುಕೊಳ್ಳಬಹುದು ಎಂಬುದು ಅವರ ತಮಾಷೆ. ಪುಸ್ತಕ, ಮೂಳೆ, ಬಾಟಲಿಗಳ ನಡುವೆ ಎರಡು ವರ್ಷ ಕಳೆದು ಇವತ್ತು ಮೆಡಿಕಲ್ ಓದಿನ ಮೂರನೇ ವರ್ಷದ ಮೊದಲ ದಿನ. ಮೊಟ್ಟಮೊದಲ ಸಲ ವಾರ್ಡು, ಮೊಟ್ಟಮೊದಲ ಸಲ ಉಸಿರಾಡುವ ಮನುಷ್ಯ! ಇವತ್ತು ಸರಿಯಾಗಿ ನೋಡಿ ಹೇಳಿದವರೇ ವರ್ಷವಿಡೀ ತಂಡದ ಲೀಡರ್ ಎಂದು ದೊಡ್ಡ ಡಾಕ್ಟರು ಬಾಗಿಲಲ್ಲೇ ಸಾರಿದ್ದರು. ಅಮ್ಮನಿಗೆ ಫೋನಿನಲ್ಲಿ ಈ ಸುದ್ದಿಯನ್ನು ಹೇಗೆ ಹೇಳಬೇಕೆಂದು ಮೈಕು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು.

ಮಂಚದ ಮೇಲೆ ಕೂತಿದ್ದವರು ಒಬ್ಬ ಟೈಲರ್. ಅಂಗಡಿಯಿಂದ ನೇರವಾಗಿ ಎದ್ದು ಬಂದಿರಬೇಕು, ಅಳತೆಯ ಟೇಪು ಇನ್ನೂ ಕತ್ತಿನಲ್ಲೇ ಇತ್ತು. ಅವರು ಅಂಗಿಯ ಗುಂಡಿ ಬಿಚ್ಚುವಾಗ ಅದರ ಜೇಬು ಬಲಗಡೆಗಿರುವುದು ಮೈಕಿನ ಕಣ್ಣಿಗೆ ಬಿತ್ತು. ಊರಿಗೆಲ್ಲ ಹೊಲಿದುಕೊಡುವವರು ತಮ್ಮ ಅಂಗಿಯನ್ನೇ ಎಡವಟ್ಟು ಮಾಡಿಕೊಂಡಿದ್ದಾರಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು.

"ಇವರ ಹೃದಯ ಬಡಿಯೋದು ಕೈಗೆ ಎಲ್ಲಿ ಸಿಗುತ್ತೆ, ತೋರಿಸಿ. ಅಷ್ಟೇ," ಎಂದರು ದೊಡ್ಡ ಡಾಕ್ಟರು.

ಅಷ್ಟೇ! ರಜೆಯುದ್ದಕ್ಕೂ ಅವಳು ತಮ್ಮನನ್ನು ಸೋಫಾದ ಮೇಲೆ ಕೆಡವಿಕೊಂಡು ಮಾಡಿದ್ದು ಇದನ್ನೇ ಅಲ್ಲವೇ? "ಅಕ್ಕಾ, ಇನ್ನೂ ಬಡೀತಾ ಇದೆ ಕಣೇ, ನಿಂತಾಗ ನಾನೇ ಹೇಳ್ತೀನಿ, ಈಗ ಬಿಟ್ಬಿಡೇ," ಎಂದು ಅವನು ಗೋಗರೆಯುವವರೆಗೆ ಬಿಟ್ಟವಳಲ್ಲ. ಎಡ ಎದೆ, ಪಕ್ಕೆಲುಬುಗಳ ಐದನೇ ಸಂದು. ಕಣ್ಣು ಮುಚ್ಚಿಕೊಂಡು ಬೇಕಾದರೂ ತೋರಿಸಿಯಾಳು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಟೈಲರ್ ಎದೆಯ ಎಡಗಡೆಗೆ ಇಟ್ಟಳು. ಏನೂ ಇಲ್ಲ. ಬೆರಳು ಸರಿಸಿದಳು. ಊಹೂಂ. ಇನ್ನಷ್ಟು ಒತ್ತಿದಳು. ಬೆನ್ನ ಹಿಂದೆ ಗೆಳೆಯರು, ಎದುರಿಗೆ ದೊಡ್ಡ ಡಾಕ್ಟರು, ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಅಷ್ಟರಲ್ಲಿ ಬೆರಳ ತುದಿಯಲ್ಲಿ ಏನೋ ಮಿಡಿದ ಹಾಗಾಯಿತು. ಅವಳಿಗೆ ಅಷ್ಟು ಸಾಕಿತ್ತು.

"ಸಿಕ್ತು ಸರ್! ಎಡಗಡೆ, ಐದನೇ ಸಂದಿನಲ್ಲಿ. ಚೆನ್ನಾಗಿ ಹೊಡ್ಕೊತಾ ಇದೆ!"

ವಾರ್ಡಿನ ಆ ಕೊನೆಯಲ್ಲಿದ್ದ ನರ್ಸ್ ತಿರುಗಿ ನೋಡಿದರು. ಟೈಲರ್ ಮೆಲ್ಲಗೆ ತಮ್ಮ ಎಡ ಎದೆಯನ್ನು ಸವರಿಕೊಂಡರು. ಪಾಪ, ಜೋರಾಗಿ ಒತ್ತಿಬಿಟ್ಟೆನೇನೋ ಎಂದುಕೊಂಡಳು ಮೈಕು.

ಆಮೇಲಿನದು ಸಲೀಸು. "ನನಗೂ ಸಿಕ್ತು ಸರ್," "ನನಗೂ ಸರ್," ಎಂದು ಒಬ್ಬರ ಹಿಂದೊಬ್ಬರು ಕೈಯಿಟ್ಟು ಹೋದರು. ಒಬ್ಬನಂತೂ ಕೈಯಿಡುವ ಮೊದಲೇ ತಲೆಯಾಡಿಸಿದ. ಮೈಕೇ ಹೇಳಿದ ಮೇಲೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಕೊನೆಗೆ ಉಳಿದವನು ಪಿಸುಮಾತು; ಇದೂ ಕ್ಲಾಸಿನವರು ಇಟ್ಟ ಹೆಸರೇ. ಎರಡನೇ ಬೆಂಚಿನಾಚೆಗೆ ದನಿ ಕೇಳಿಸದ ಆ ಹುಡುಗ ಬಹಳ ಹೊತ್ತು ಕೈಯಿಟ್ಟುಕೊಂಡೇ ನಿಂತ.

"ಸರ್... ನನಗೆ ಸಿಗ್ತಾ ಇಲ್ಲ."

"ಏನು? ಸ್ವಲ್ಪ ಜೋರಾಗಿ ಹೇಳಪ್ಪ."

"ಸಿಗ್ತಾ ಇಲ್ಲ ಸರ್. ನನಗೇ ನೋಡೋಕೆ ಬರ್ತಿಲ್ವೋ ಏನೋ."

ಮೈಕಿಗೆ ಕನಿಕರ ಉಕ್ಕಿ ಬಂತು. "ಇಲ್ಲಿ ನೋಡೋ," ಎಂದು ಅವನ ಬೆರಳು ಹಿಡಿದು ಜಾಗವನ್ನೂ ತೋರಿಸಿಕೊಟ್ಟಳು.

"ಇಲ್ಲ ಕಣೇ, ಇಲ್ಲೂ ಇಲ್ಲ," ಎಂದ ಅವನು. ದನಿ ನಡುಗುತ್ತಿತ್ತು, ಮಾತು ಮಾತ್ರ ಬದಲಾಗಲಿಲ್ಲ.

"ಅಲ್ಲಿ ಇಲ್ಲದ್ದು ಹೇಗಪ್ಪ ಸಿಗುತ್ತೆ?" ದೊಡ್ಡ ಡಾಕ್ಟರು ನಕ್ಕರು. "ಹುಟ್ಟಿದಾಗಿನಿಂದ ಇವರ ಹೃದಯ ಇರೋದು ಬಲಗಡೆ. ಹತ್ತು ಹನ್ನೆರಡು ಸಾವಿರದಲ್ಲಿ ಒಬ್ಬರಿಗೆ ಹಾಗಿರುತ್ತೆ. ಪ್ರತಿ ವರ್ಷ ಮೊದಲ ದಿನ ನನಗೋಸ್ಕರ ಅಂಗಡಿ ಬಾಗಿಲು ಹಾಕಿ ಬರ್ತಾರೆ. ಜೂನಿಯರ್‌ಗಳ ಹತ್ರ ಬಾಯಿ ಬಿಟ್ಟೀರಿ, ಜೋಕೆ! ಸರಿ, ಲೀಡರ್ ಯಾರು ಅಂತ ನಾನು ಹೇಳಬೇಕಾಗಿಲ್ಲ." ಆಮೇಲೆ ಮೈಕಿನ ಕಡೆ ತಿರುಗಿದರು. "ಅಲ್ಲಮ್ಮ, ನಿನ್ನ ಕೈಗೆ ಸಿಕ್ಕಿದ್ದು ಏನು ಹಾಗಾದ್ರೆ?"

ಅವಳ ಮುಖ ಕೆಂಪಾಯಿತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ತಪ್ಪನ್ನು ಮಾತ್ರ ಮೆಲ್ಲಗೆ ಹೇಳುವುದು ಅವಳ ಜಾಯಮಾನವಲ್ಲ. ಅದೇ ಗಂಟಲಿನಲ್ಲಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ಬೆರಳಿನ ನಾಡಿಯೇ ಹೊಡ್ಕೊಂಡಿದ್ದು ಸರ್. ಸಿಗಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಇನ್ನೊಂದ್ಸಲ ನೋಡ್ಲಾ?"

ಗೆಳೆಯರೆಲ್ಲ ಪಿಸುಮಾತಿನ ಬೆನ್ನು ತಟ್ಟುವ ಗಲಾಟೆಯಲ್ಲಿದ್ದರು. ಟೈಲರ್ ಅಂಗಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ಈ ಸಲ ಹುಡುಕಬೇಕಾಗಲೇ ಇಲ್ಲ. ಬಲಗಡೆ, ಅಂಗೈಯ ಕೆಳಗೆ, ತಮ್ಮನದರ ಹಾಗೆಯೇ ಪುಟ್ಟ ಪುಟ್ಟ ಗುದ್ದು. ಮೈಕಿಗೆ ಸೋತದ್ದೇ ಮರೆತುಹೋಗುವಷ್ಟು ಸಂತೋಷವಾಯಿತು.

"ಜೇಬು ನೋಡಿರಲಿಲ್ವಾ?" ಎಂದು ಕೇಳಿದರು ಟೈಲರ್.

"ನೋಡಿದ್ದೆ. ನೀವೇ ತಪ್ಪು ಹೊಲಿದಿದ್ದೀರಿ ಅಂದ್ಕೊಂಡೆ."

ಅವರು ನಕ್ಕರು. ಆಮೇಲೆ ಬೇರೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಒಂದು ಮಾತು ಹೇಳ್ಲಾ ಡಾಕ್ಟ್ರಮ್ಮ? ಇದು ಬಲಗಡೆ ಇದೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ನೀವು ಆಗ ಸಿಕ್ತು ಅಂದ್ರಲ್ಲ, ಆ ಗತ್ತಿಗೆ ನಾನೇ ಒಂದ್ಸಲ ಎಡಗಡೆ ಮುಟ್ಟಿ ನೋಡ್ಕೊಂಡೆ."